ಉಸಿರಾಡುವ ಗನ್ನಿಗೆ ಕುಂಕುಮ

ಪೂಜೆಯ ಮಾತು ಬಂತಲ್ಲ, ಒಂದು ಕಥೆ ಕೇಳಿ. ಯಾವುದೋ ಊರು, ಅಲ್ಲೊಬ್ಬ ಸಾಹುಕಾರ. ಮರದ ಪೆಟ್ಟಿಗೆ ಮಾಡಿಸುವ ಕಾರ್ಖಾನೆ ಅವನದು. ಮಹಾ ದೈವಭಕ್ತ. ಎಷ್ಟು ಭಕ್ತ ಅಂದರೆ, ಸಂಜೆ ಬಾಗಿಲಿಗೆ ಬೀಗ ಹಾಕಿ ಬೀಗಕ್ಕೂ ಕೈಮುಗಿಯುತ್ತಿದ್ದ.

ಅವನು ಕಂಪ್ರೆಸರಿನಿಂದ ಪೈಪಿನಲ್ಲಿ ಬರುವ ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಗನ್ನು ತರಿಸಿದ. ನೋಡಿ, ಅದನ್ನು ಮಾಡಿದವರು ಮೂರ್ಖರಲ್ಲ. ಮೂತಿಯಲ್ಲಿ ಒಂದು ತಡೆ ಇಟ್ಟಿದ್ದರು. ಮೂತಿಯನ್ನು ಹಲಗೆಗೆ ಒತ್ತಿ ಹಿಡಿದರೆ ಮಾತ್ರ ಮೊಳೆ ಹಾರಬೇಕು, ಬರೀ ಟ್ರಿಗರ್ ಒತ್ತಿದರೆ ಹಾರಬಾರದು. ಸಾಹುಕಾರನಿಗೆ ಇದು ಸರಿಬರಲಿಲ್ಲ. ಪ್ರತಿ ಮೊಳೆಗೂ ಒತ್ತುತ್ತಾ ಕೂತರೆ ಲಾರಿ ಕಾಯುತ್ತದೆಯೇ? ಕಾರ್ಖಾನೆಯ ಬಡಗಿಗೆ ಹೇಳಿದ. ಬಡಗಿ ಆ ತಡೆಯನ್ನು ಹಿಂದಕ್ಕೆಳೆದು ತಂತಿಯಿಂದ ಬಿಗಿದ. ಅವನಿಗೂ ಬೇಗ ಮನೆಗೆ ಹೋಗಬೇಕಿತ್ತು.

ಕೆಲವು ದಿನ ಕಳೆದ ಮೇಲೆ ಬಡಗಿ ಬಂದು ನಿಂತ.

"ಸಾವ್ಕಾರ್ರೇ, ಆ ತಂತಿ ಬಿಚ್ಚಿಬಿಡ್ಲಾ? ಬೆಳಿಗ್ಗೆ ಮೊಳೆ ಹಾರಿ ಕಣ್ಣಿನ ಪಕ್ಕದಲ್ಲೇ ಹೋಯ್ತು."

"ಪಕ್ಕದಲ್ಲೇ ತಾನೆ?"

"ಹೂಂ."

"ಮತ್ತಿನ್ನೇನು? ದೇವರಿದ್ದಾನೆ ಕಣಯ್ಯ. ಈ ಸಲ ಆಯುಧಪೂಜೆ ಜೋರಾಗಿ ಮಾಡಿಸ್ತೀನಿ. ಗನ್ನಿಗೆ ಅಂತಲೇ ಬೇರೆ ಹಾರ."

ತಂತಿ ಬಿಚ್ಚಿದರೆ ವರ್ಷವಿಡೀ ಕೆಲಸ ನಿಧಾನ. ಪೂಜೆಯಾದರೆ ಒಂದೇ ದಿನದ ರಜೆ. ಯಾವುದು ಸುಲಭ? ಸಾಹುಕಾರನ ಮನಸ್ಸು ನಿರಾಳವಾಯಿತು.

ಪೂಜೆಯ ದಿನ ಗನ್ನನ್ನು ಬಾಳೆ ಎಲೆಯ ಮೇಲೆ ಮಲಗಿಸಿದರು. ಬಡಗಿ, "ಗಾಳಿ ಪೈಪು ಕಳಚ್ತೀನಿ, ಒಂದ್ನಿಮಿಷ" ಅಂದ.

"ಮುಟ್ಬೇಡ. ಉಸಿರಿಲ್ಲದ್ದಕ್ಕೆ ಯಾರಾದ್ರೂ ಪೂಜೆ ಮಾಡ್ತಾರಾ? ಕಂಪ್ರೆಸರ್ ಓಡ್ಲಿ."

ಓಡಿತು. ಸಾಹುಕಾರ ಎಡಗೈಯಲ್ಲಿ ಗನ್ನು ಎತ್ತಿ ಹಿಡಿದ. ಬೆರಳು ಎಲ್ಲಿತ್ತು? ಟ್ರಿಗರ್ ಮೇಲೆ. ಬಲಗೈಯಿಂದ ಮೂತಿಗೆ ಕುಂಕುಮ ಇಡಹೋದ. ಎಡಗೈ ಬೆರಳು ಒತ್ತಿಬಿಟ್ಟಿತು, ಮೊಳೆ ಬಲ ಅಂಗೈಗೆ ತೂರಿ ಅಲ್ಲೇ ನೆಟ್ಟುಕೊಂಡಿತು. ಪುರೋಹಿತರ ಮಂತ್ರ ನಿಂತಿತು, ಗಂಟೆ ನಿಂತಿತು. ಕಂಪ್ರೆಸರ್ ಮಾತ್ರ ಓಡುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಮೊಳೆ ತೆಗೆದರು. ಎರಡು ಬೆರಳು ಇನ್ನು ಮಡಚುವುದಿಲ್ಲ ಅಂದರು. ನೋಡಲು ಬಂದ ಬಡಗಿಯ ಮುಂದೆ ಸಾಹುಕಾರ ನರಳಿದ.

"ಯಾರ ಕಣ್ಣು ಬಿತ್ತೋ ಏನೋ."

"ಯಾರ ಕಣ್ಣೂ ಅಲ್ಲ ಸಾವ್ಕಾರ್ರೇ. ನೀವು ಹೇಳಿದ್ರಿ, ನಾನು ಕಟ್ಟಿದೆ. ಈಗ ತಂತಿ ಬಿಚ್ಚಿ ಬಂದಿದೀನಿ. ಮತ್ತೆ ಕಟ್ಟು ಅನ್ನೋದಾದ್ರೆ ಬೇರೆಯವರನ್ನ ನೋಡ್ಕೊಳ್ಳಿ."

ನಗುತ್ತಿದ್ದೀರಿ. ನಗಿ. ಹೊರಗೆ ನಿಮ್ಮ ಬೈಕುಗಳನ್ನು ನೋಡಿಕೊಂಡೇ ಒಳಗೆ ಬಂದೆ. ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದೆ, ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿದೆ. ನಿಮ್ಮ ತಲೆ ಕಾಯುವ ಕೆಲಸ ಯಾರದು, ನಿಂಬೆಹಣ್ಣಿನದೇ? ಸಾಹುಕಾರ ನಿಮ್ಮ ನೆಂಟನೇ ಅಲ್ಲವೇ?

ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೀರಲ್ಲ, ಮೊಳೆ ಗನ್ನಿಗೆ ಕೈಮುಗಿಯುವ ಮುಂಚೆ ಅದರ ತಡೆ ಸರಿಯಾಗಿದೆಯೇ ನೋಡಿ. ಕಟ್ಟಿದ್ದರೆ ಬಿಚ್ಚಿ. ಗನ್ನಿನೊಳಗೆ ಮೊಳೆ ಸಿಕ್ಕಿಕೊಂಡರೆ ಮೊದಲು ಗಾಳಿ ಪೈಪು ಕಳಚಿ, ಆಮೇಲೆ ಮುಟ್ಟಿ. ಹೊಡೆಯುವಾಗಲ್ಲದೆ ಟ್ರಿಗರ್ ಮೇಲೆ ಬೆರಳು ಬೇಡ. ತಮಾಷೆಗೂ ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ. ಹಲಗೆ ಹಿಡಿದ ಕೈ ಮೊಳೆಯಿಂದ ದೂರ ಇರಲಿ. ಕಣ್ಣಿಗೆ ಕನ್ನಡಕ ಹಾಕಿ. ಇಲ್ಲಿ ಕೂತಿರುವ ಧಣಿಗಳೇ, ಲಾರಿ ಕಾಯಲಿ ಬಿಡಿ. ಇಷ್ಟೆಲ್ಲ ಮಾಡಿ ಆಮೇಲೆ ಕುಂಕುಮ ಹಚ್ಚಿ. ಹಚ್ಚುವುದಕ್ಕೆ ಬೆರಳಾದರೂ ನೆಟ್ಟಗಿರುತ್ತದೆ.