ಮೈ ತೊಳೆದ ಮೇಲೆ ಮೈದುನ

ಗಡ್ಡದವರ ಹಡಗು ನಮ್ಮ ದ್ವೀಪಕ್ಕೆ ಬಂದ ಮೂರನೆಯ ದಿನ, ಬಿದಿರ ಕೊಳವೆ ಹಿಡಿದು ಬುಗ್ಗೆಯ ಹತ್ತಿರ ನೀರಿಗೆ ನಿಂತಿದ್ದೆ. ನನ್ನ ಮುಂದೆ ನಮ್ಮ ದೊರೆ ದಾತು ಲಂಬುಯೊನ ಮನೆಯ ಅಡಿಗೆಯವಳು ತಿಮಾಯ್, ಅವಳ ನಾದಿನಿ ಇಲಾಕ್.

"ಅತ್ತಿಗೆ, ದಾತುನೂ ಆ ಹಡಗಿನ ನಾಯಕನೂ ಒಂದೇ ಬಟ್ಟಲಲ್ಲಿ ಒಬ್ಬರ ರಕ್ತ ಒಬ್ಬರು ಕುಡಿದು ಅಣ್ಣತಮ್ಮ ಆಗೋದು ಇವತ್ತೇ ತಾನೆ?"

"ಇವತ್ತೇ. ಆದ್ರೆ ನಮ್ಮೊಡತಿ ತಡೆದ್ಬಿಟ್ರು ಕಣೆ."

"ಯಾಕಂತೆ?"

"ಅವನಿಗಿಂತ ಕೊಳೆತ ಮೀನೇ ವಾಸಿಯಂತೆ. ಮೈ ತೊಳ್ಕೊಂಡು ಬರ್ಲಿ, ಆಮೇಲೆ ಮೈದುನ ಅಂತೀನಿ ಅಂದ್ರು."

"ಗುಡುಗೋ ನಳಿಗೆ ಇಟ್ಕೊಂಡಿರೋರಿಗೆ ಹಂಗನ್ನೋದಾ? ನಮ್ಮಣ್ಣ ಈಟಿ ಹಿಡ್ಕೊಂಡು ಅಲ್ಲೇ ನಿಂತವ್ನೆ."

"ನಿಮ್ಮಣ್ಣ ನನ್ ಗಂಡ ಅಲ್ವಾ? ಒಲೆ ಬಿಟ್ಟು ಬಾಗಿಲಿಗೆ ಓಡ್ದೆ. ಒಡತಿ ಮಾತನ್ನ ದಾತು ಸನ್ನೇಲಿ ಹೇಳಿದ್ರು. ಆ ನಾಯಕ ತನ್ನ ಮೈ ತಾನೇ ಮೂಸಿ ನೋಡ್ಕೊಂಡ. ಆಮೇಲೆ ಕಬ್ಬಿಣದ ಅಂಗಿ ಬಿಚ್ಚಿ ಹೊಳೆಗಿಳಿದ."

"ಒಬ್ನೇನಾ?"

"ನಲವತ್ತು ಜನಾನೂ. ಸುಲಿದ ಕೆಸುವಿನ ಗೆಡ್ಡೆ ಥರ ಬೆಳ್ಳಗೆ."

"ನೀನು ಕಣ್ ಮುಚ್ಕೊಂಡಿದ್ದೆ ತಾನೆ?"

"ಎಣಿಸೋಕೆ ಯಾರಾದ್ರೂ ಬೇಕಲ್ವೇನೆ?"

ಅಷ್ಟರಲ್ಲಿ ದಡದಿಂದ ಜಾಗಟೆ ಕೇಳಿತು. ಬಟ್ಟಲು ಖಾಲಿಯಾಯಿತು, ಇಬ್ಬರೂ ಅಣ್ಣತಮ್ಮಂದಿರಾದರು ಎಂದರ್ಥ. ಗಂಡನಿಗೆ ಇನ್ನು ಭಯವಿಲ್ಲವೆಂದು ತಿಮಾಯ್ ಅಂಗೈಯಿಂದ ಕಣ್ಣೊರೆಸಿಕೊಂಡಳು. ಮರುಗಳಿಗೆಯಲ್ಲಿ ಇಬ್ಬರೂ ನಗುತ್ತ ಖಾಲಿ ಕೊಳವೆಗಳನ್ನು ನನ್ನ ಕೈಗೆ ತುರುಕಿ ದಡದತ್ತ ಓಡಿದರು.