ದುಬೈ ಬಿಟ್ಟ ವರ

೨೦೦೯ರ ಬೇಸಿಗೆ. ಸೇಡಂ ಬಸ್ ನಿಲ್ದಾಣದಲ್ಲಿ ಕಲಬುರಗಿ ಬಸ್ಸಿಗೆ ಕಾಯುತ್ತಿದ್ದ ಶಾರದಾಬಾಯಿ ಟೀಚರ್ ಪೇಪರ್ ಮಡಿಚಿದರು. ಪಕ್ಕದ ಮಾತು ಅದಕ್ಕಿಂತ ಚೆನ್ನಾಗಿತ್ತು. ಗಂಡಿನ ತಾಯಿ ಭೀಮಬಾಯಿ, ಹೆಣ್ಣಿನ ತಂದೆ ಜಗದೇವಪ್ಪನ ಮುಂದೆ ಕುಳಿತು ಸೆರಗಿನ ತುದಿ ಹಿಂಡುತ್ತಿದ್ದಳು.

“ಬೀಗರ, ಮೊದಲೇ ಹೇಳಿಬಿಡ್ತೀನ್ರಿ. ಮಗ ದುಬೈ ಬಿಟ್ಟು ಬಂದಾನ.”

“ಸೂಟಿ ಮ್ಯಾಲೇನ್ರಿ?”

“ಇಲ್ರಿ. ಅಲ್ಲಿ ಬಿಲ್ಡಿಂಗ್ ಕೆಲಸ ಬಂದ್ ಆಗಿ ಕಂಪನಿಯವ್ರೇ ಕಳಿಸ್ಯಾರ. ಈಗ ಇಲ್ಲೇ ಸಿಮೆಂಟ್ ಫ್ಯಾಕ್ಟರಿದಾಗ ವೆಲ್ಡಿಂಗ್ ಮಾಡ್ಲಿಕತ್ತಾನ. ದುಬೈ ವರ ಅಂತ ನೀವು ಒಪ್ಪಿದ್ರಿ. ಬ್ಯಾಡಾದ್ರ ಈಗೇ ಹೇಳ್ರಿ.”

“ಮತ್ತ ಹೋಗಾಂವ ಇದ್ದಾನೇನು?”

“ಕರದ್ರೂ ಹೋಗಂಗಿಲ್ಲ ಅಂತಾನ್ರಿ.”

ಜಗದೇವಪ್ಪ ನಿಟ್ಟುಸಿರು ಬಿಟ್ಟು ನಕ್ಕ.

“ನಾ ಒಪ್ಪಿದ್ದೆ ಖರೇ. ಮಗಳು ಒಪ್ಪಿರಲಿಲ್ರಿ. ಎರಡು ವರ್ಷಕ್ಕೊಮ್ಮೆ ಬರೋ ಗಂಡ ಬ್ಯಾಡ ಅಂತ ಹಟ ಹಿಡಿದಿದ್ಲು. ನಿಮಗ ಅದನ್ನ ಹ್ಯಾಂಗ ಹೇಳ್ಲಿ ಅಂತ ಕುಂತಿದ್ದೆ.”

“ಹಂಗಾದ್ರ?”

“ಹಂಗಾದ್ರೇನು, ನಿಶ್ಚಯದ ಸಕ್ಕರಿ ತಿನ್ನೋದು ಯಾವಾಗ ಇಟ್ಕೊಳ್ಳೂನು ಹೇಳ್ರಿ.”

ಸುಲೇಪೇಟದ ಬಸ್ ಬಂತು. ಇಬ್ಬರೂ ಎದ್ದರು.

“ಆಕಿಗಂತ ದುಬೈ ಅತ್ತರ್ ತಂದಾನ್ರಿ,” ಎಂದಳು ಭೀಮಬಾಯಿ.

“ಕೊಡ್ಲಿ ಬಿಡ್ರಿ. ಅದನ್ನೇನು ಆಕಿ ಒಲ್ಲೆ ಅನ್ನಂಗಿಲ್ಲ.”