ಅತ್ತೆ ಕುಂತರೆ ಚಾರ್ಜು

ಚಿತ್ತಾಪುರದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದ ಮಹಾದೇವಮ್ಮ ಎಂಬ ಮುದುಕಿ, ಜೊತೆಗಿದ್ದ ಯಂಕಮ್ಮನಿಗೆ ಅಳಿಯನ ಮೋಟಾರ್‌ಸೈಕಲ್ಲಿನ ಕತೆ ಹೇಳುತ್ತಿದ್ದಳು.

“ಬ್ಯಾಟ್ರಿ ಚಾರ್ಜೇ ಆಗವಲ್ದು. ಮನ್ಯಾಗ ಚಾದರ ಹಾಸಿ, ಎಲ್ಲಾ ಬಿಚ್ಚಿ ನೋಡ್ಯಾನ. ನಾ ಹಿಂದ ಕುಂತ್ರ ಮಾತ್ರ ಮೀಟರಿನ ಮುಳ್ಳು ಏರ್ತದ.”

“ಸೀಟಿನ ಬುಡಕ ವೈರ್ ಸಡ್ಲಾಗಿರಬೇಕ್ರಿ ಅಕ್ಕಾ.”

“ಹುಡುಕ್ಯಾನ, ಸಿಗವಲ್ದು. ಎಲ್ಲಿ ಹೋದ್ರೂ ನನ್ನ ಕುಂದ್ರಿಸ್ಕೊಂಡೇ ಹೋಗ್ತಾನ. ಎರಡು ದಿನಕ್ಕಂತ ಬಂದಾಕಿ, ನಾಕು ತಿಂಗಳಾತು. ಇವತ್ತ ಹೇಳ್ದೇ ಊರಿಗಿ ಹೊಂಟೀನಿ.”

“ನಿಮ್ಮ ಬದ್ಲಿ ಜ್ವಾಳದ ಚೀಲ ಕಟ್ಟಬೇಕಿತ್ರಿ.”

“ಕಟ್ಟಿ ನೋಡ್ಯಾನ. ಚೀಲಕ್ಕ ಮುಳ್ಳು ಏಳಂಗಿಲ್ಲ.”

ಅಷ್ಟರಲ್ಲಿ ತೆಂಗಳಿ ಬಸ್ಸು ಬಂತು. ಮುದುಕಿ ಮೆಟ್ಟಿಲ ಮೇಲೆ ಕಾಲಿಡುವಷ್ಟರಲ್ಲಿ ಅಳಿಯ ಗಾಡಿ ತಳ್ಳಿಕೊಂಡು ಬಂದು, ಬೆವರು ಸುರಿಸುತ್ತ ಕೈಮುಗಿದು ನಿಂತ.

“ನೋಡವ್ವಾ ಯಂಕಮ್ಮ, ಮದುವಿಯಾಗಿ ಹನ್ನೆರಡು ವರ್ಷಕ್ಕ ಅತ್ತಿ ಮುಂದ ಕೈ ಮುಗದಾನ,” ಎಂದ ಮಹಾದೇವಮ್ಮ ತನ್ನ ಬಟ್ಟೆಗಂಟನ್ನು ಅವನಿಗೆ ಕೊಟ್ಟು ಮೋಟಾರ್‌ಸೈಕಲ್ಲಿನ ಹಿಂದಿನ ಸೀಟು ಏರಿದಳು.